ದಫೇದಾರರ ಮನೆಯ ಬೀಗ

ಪಿನ್ನಿನ ಬೀಗ ಎಂಬ ಮಹಾವಸ್ತುವಿನ ವಿಚಾರ ಸುಂದ್ರಮ್ಮನ ಕಿವಿಗೆ ಮೊದಲು ಬಿದ್ದದ್ದು, ಒಲೆಯ ಮೇಲೆ ಹುರುಳಿಕಾಳಿನ ಸಾರು ಕುದಿಯುತ್ತಿದ್ದ ಒಂದು ಸೋಮವಾರ. ಗುಂಡ್ಲುಪೇಟೆಯ ಕಚೇರಿಯೊಂದರಲ್ಲಿ ಜವಾನರಾಗಿದ್ದ ಅವಳ ಯಜಮಾನರು, ಸಾಹೇಬರ ಟ್ರಂಕು ಹೊತ್ತು ಮೈಸೂರಿಗೆ ಹೋಗಿದ್ದವರು, ಕರ್ಚೀಫಿನಲ್ಲಿ ಏನನ್ನೋ ಸುತ್ತಿಕೊಂಡು ಬಂದರು. ಬಳೆಯೇ ಇರಬೇಕೆಂದು ಸುಂದ್ರಮ್ಮ ಕೈ ಒರೆಸಿಕೊಂಡು ಓಡಿ ಬಂದಳು. ಬಿಚ್ಚಿದರೆ, ಹಿತ್ತಾಳೆ ಬೀಗ!

“ಇದ್ರೊಳ್ಗೆ ಐದು ಪಿನ್ನು ನಿಂತವೆ ಕಣಮ್ಮಿ. ಒಂದೊಂದ್ರ ತಲೆ ಮೇಲೂ ಒಂದೊಂದು ಸ್ಪ್ರಿಂಗು. ಐದನ್ನೂ ಅದದ್ರ ಎತ್ತರಕ್ಕೆ ಎತ್ತುದ್ರೇನೇ ತಿರುಗೋದು!”

“ಅದ್ಕೇ ಅಲ್ವಾ ಬೀಗದ ಕೈ ಕೊಟ್ಟಿರದು?”

“ಬೀಗದ ಕೈಲಿ ಯಾವ ಬಡ್ಡೆತ್ತದಾದ್ರೂ ತೆಗೀತದೆ. ನಾನು ಬರೀ ಕಡ್ಡೀಲಿ ತೆಗೀತೀನಿ. ಇನ್ನಾರು ತಿಂಗ್ಳಲ್ಲಿ ಈ ತಾಲ್ಲೂಕ್ನಲ್ಲಿ ನನ್ ಕೈಲಿ ಆಗ್ದಿರೋ ಬೀಗ ಒಂದೂ ಇರಾಕಿಲ್ಲ, ನೋಡ್ತಿರು!”

ಈ ವೀರರ ಹೆಸರೇನು ಎಂದು ಸುಂದ್ರಮ್ಮನನ್ನು ಕೇಳಿ ಪ್ರಯೋಜನವಿರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷವಾದರೂ ಗಂಡನ ಹೆಸರು ಅವಳ ಬಾಯಿಂದ ಹೊರಬಿದ್ದಿರಲಿಲ್ಲ. ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ಅವಳ ಅವ್ವ ಹೇಳಿ ಕಳಿಸಿದ್ದಳು. ಓಟಿನ ಪಟ್ಟಿ ಬರೆಯುವವರು ಬಂದಾಗಲೂ ಸುಂದ್ರಮ್ಮ ಪಕ್ಕದ ಮನೆಯ ದೊಡ್ಡಮಲ್ಲಮ್ಮನನ್ನು ಕೂಗಿ ಕರೆದು, ಅವಳ ಬಾಯಿಂದಲೇ ಹೇಳಿಸಿದ್ದಳು. ಇಡೀ ಬೀದಿಯಲ್ಲಿ ಇಷ್ಟು ಕಟ್ಟುನಿಟ್ಟಿನ ಹೆಂಗಸು ಇನ್ನೊಬ್ಬಳಿಲ್ಲ ಎಂಬುದು ಅವಳ ದೊಡ್ಡ ಜಂಬ.

ಅಂದಿನಿಂದ ಮನೆಯಲ್ಲಿ ಬೀಗೋಪಾಸನೆ ಶುರುವಾಯಿತು! ಮೊದಲ ಬಲಿ ಛತ್ರಿ. ಅದರ ಕಡ್ಡಿಗಳು ಕಲ್ಲಿನ ಮೇಲೆ ಉಜ್ಜಿಸಿಕೊಂಡು ಚಪ್ಪಟೆಯಾದವು. ಯಜಮಾನರು ಮುದ್ದೆ ಮುರಿಯುತ್ತ ಬೀಗ ನೋಡಿದರು, ಬೀಗ ನೋಡುತ್ತ ಮಜ್ಜಿಗೆ ಚೆಲ್ಲಿದರು. ನಲವತ್ತನೆಯ ದಿನ ಬೀಗ ‘ಕಟಕ್’ ಎಂದಾಗ ಅವರು ಕಿರುಚಿದ ಕಿರುಚಿಗೆ, ಹಾವು ಬಂತೆಂದು ದೊಡ್ಡಮಲ್ಲಮ್ಮ ದೊಣ್ಣೆ ಹಿಡಿದು ಬಂದಳು.

ಆಮೇಲೆ ವಯನಾಡಿನ ಕಡೆಯ ವ್ಯಾಪಾರಿಯಿಂದ ಇನ್ನೊಂದು ಬೀಗ ಬಂತು. ಅದು ಮಹಾ ಮೋಸಗಾರ! ಅದರ ಪಿನ್ನುಗಳ ನಡು ಸಣ್ಣ. ತೆರೆದೇ ಬಿಟ್ಟೆ ಎನ್ನುವಂತೆ ಒಂದಿಷ್ಟು ತಿರುಗಿ, ಅಲ್ಲೇ ಸಿಕ್ಕಿಕೊಂಡು ಕೂರುತ್ತಿತ್ತು. ಆಗ ಒತ್ತಿ ಹಿಡಿದರೆ ಕೆಟ್ಟಿತು. ಹಿಡಿತ ಕೊಂಚ ಸಡಿಲ ಬಿಡಬೇಕು. ಇದು ಯಜಮಾನರಿಗೆ ತಿಳಿಯಲು ಮೂರು ತಿಂಗಳು ಬೇಕಾಯಿತು.

ಸುಂದ್ರಮ್ಮನಿಗೆ ಮೂರು ಮಧ್ಯಾಹ್ನ ಸಾಕಾಗಿತ್ತು. ಗಂಡ ಕಚೇರಿಗೆ ಹೋದ ಮೇಲೆ, ರಾಗಿ ಕೇರಿ ಮುಗಿಸಿ, ತಲೆಯ ಹೇರ್‌ಪಿನ್ನು ಕಿತ್ತು ಕೂರುತ್ತಿದ್ದಳು. ಬೀಗ ತೆಗೆದು, ಮತ್ತೆ ಹಾಕಿ, ಇದ್ದಲ್ಲೇ ಇಟ್ಟು, ಸಂಜೆ ಗಂಡ ಬೆವರುವುದನ್ನು ನೋಡುತ್ತ ಕಾಳು ಆರಿಸುತ್ತಿದ್ದಳು. ಆ ಸುಖ ಅವಳಿಗೆ ಯಾವ ಬಳೆಯಲ್ಲೂ ಸಿಕ್ಕಿರಲಿಲ್ಲ.

ಹೀಗಿರುವಾಗ ದಂಪತಿಗಳು ಚಾಮರಾಜನಗರಕ್ಕೆ, ಸುಂದ್ರಮ್ಮನ ಅಕ್ಕನ ಮನೆಗೆ ಹೊರಟರು. ಅಕ್ಕನ ಗಂಡ ಮರಿಯಯ್ಯ ಪೊಲೀಸು. ಪೊಲೀಸರ ಸಾಲು ಮನೆಗಳಲ್ಲಿ, ಹೊಂಗೆ ಮರದಿಂದ ನಾಲ್ಕನೆಯದು ಅವರ ಮನೆ. ಇವರಿಬ್ಬರು ಆ ಮನೆಗೆ ಬರುತ್ತಿದ್ದುದು ಇದೇ ಮೊದಲು. ಎಣಿಸಿಕೊಂಡು ಹೋದರೆ, ಬಾಗಿಲಿಗೆ ಬೀಗ!

“ಅಕ್ಕ ಉಡಿಗಾಲದ ಹೊಲಕ್ಕೆ ಓಗಿರ್ಬೇಕು,” ಎಂದು ಸುಂದ್ರಮ್ಮ ಜಗಲಿಯ ಮೇಲೆ ಕುಸಿದಳು.

ಯಜಮಾನರ ಮುಖ ಮಾತ್ರ ಹೂವಾಯಿತು. ನೆಂಟರ ಮನೆಗೆ ಬೀಗ ಕಂಡು ಇಷ್ಟು ಖುಷಿಪಟ್ಟ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬನಿರಲಿಲ್ಲ! “ನಮ್ದೇ ಜಾತಿ ಬೀಗ ಕಣಮ್ಮಿ! ಸಣ್ಣ ನಡೂದು!” ಎಂದು ಜೇಬಿನಿಂದ ಕಡ್ಡಿ ತೆಗೆದರು. ಪೊಲೀಸರ ಕೇರಿಯಲ್ಲಿ, ಪಟ್ಟಪಗಲಲ್ಲಿ, ಕಾಲು ಗಂಟೆಯಲ್ಲಿ ಬೀಗ ತೆಗೆದರು!

ಅಕ್ಕನ ಮನೆಯಲ್ಲಿ ಕೇಳುವುದೇನಿದೆ? ಗೂಟದಲ್ಲಿ ಪೊಲೀಸ್ ಬೆಲ್ಟು, ಮೂಲೆಯಲ್ಲಿ ರಾಗಿ ಹಿಟ್ಟು, ಗಡಿಗೆಯಲ್ಲಿ ಬೆಳಗಿನ ಅವರೆಕಾಳು ಸಾರು. ಸುಂದ್ರಮ್ಮ ಮುದ್ದೆ ತೊಳಸಿ ಬಡಿಸಿದಳು. ಯಜಮಾನರು ಎರಡನೆಯ ಮುದ್ದೆಗೆ ಕೈ ಹಾಕಿದಾಗ ಬಾಗಿಲಲ್ಲಿ ನೆರಳು ಬಿತ್ತು. ನಿಂತವರು ದಫೇದಾರ್ ಲಿಂಗಯ್ಯನವರು. ಕೈಯಲ್ಲಿ ಬೀಗದ ಕೈ.

ಹೊಂಗೆ ಮರ ಸಾಲಿನ ಎರಡು ತುದಿಗೂ ಇತ್ತು!

“ಯಾವನಯ್ಯಾ ನೀನು, ನನ್ನ ತಣಿಗೇಲಿ ಉಣ್ಣೋನು?”

“ಮರಿಯಯ್ಯನ ಷಡ್ಡಕ, ಸ್ವಾಮಿ... ಗವರ್ಮೆಂಟ್ ಜವಾನ...”

ದಫೇದಾರರು ಯಜಮಾನರ ಜೇಬು ತಡಕಿದರು. ಚೂಪು ಮಾಡಿದ ಕಡ್ಡಿ ಮೂರು ಬಂದವು. “ಜವಾನನೋ! ಕಂಬಿ ಎಣಿಸಿದ ಮೇಲೆ ಅದೂ ಇರಲ್ಲ ಬಿಡು.” ಸುಂದ್ರಮ್ಮನನ್ನು ಹೊರಗೆ ಕಳಿಸಿ, ಯಜಮಾನರ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡರು. ಮರಿಯಯ್ಯ ಬದನಗುಪ್ಪೆಗೆ ಡ್ಯೂಟಿಗೆ ಹೋಗಿದ್ದ, ಅಕ್ಕ ನಿಜಕ್ಕೂ ಹೊಲಕ್ಕೆ ಹೋಗಿದ್ದಳು. ಗುರುತು ಹೇಳುವವರು ಇನ್ನಾರೂ ಇರಲಿಲ್ಲ. ಯಜಮಾನರನ್ನು ಒಳಗೇ ಬಿಟ್ಟು, ಹೊರಗಿನಿಂದ ಅದೇ ಬೀಗ ಜಡಿದು, ಸುಂದ್ರಮ್ಮನ ಕಡೆ ತಿರುಗಿದರು.

“ಅವನ ಹೆಸರು ಹೇಳು. ಅವನು ಬರೆಸಿದ್ದು, ನೀನು ಹೇಳೋದು ಒಂದೇ ಆದರೆ ನೀವು ಗಂಡಹೆಂಡಿರು ಅಂತ ನಂಬ್ತೀನಿ. ಇಲ್ಲದಿದ್ದರೆ ನಡಿ ಸ್ಟೇಷನ್‌ಗೆ.”

“ಹೆಂಗೇಳನ ಬುದ್ದೀ? ಅವ್ರು ನಮ್ಮೆಜಮಾನ್ರು!”

“ಅದಕ್ಕೇ ಕೇಳ್ತಿರೋದು!”

“ಗುಂಡ್ಲುಪೇಟೆಗೆ ಆಳು ಕಳ್ಸಿ. ದೊಡ್ಡಮಲ್ಲಮ್ಮ ಯೇಳ್ತಳೆ.”

“ನಿನ್ನ ಗಂಡನ ಹೆಸರಿಗೆ ದೊಡ್ಡಮಲ್ಲಮ್ಮ ಯಾಕಮ್ಮಾ?” ದಫೇದಾರರಿಗೆ ರೇಗಿತು. ಕಳ್ಳನನ್ನು ಎಳೆದೊಯ್ಯಲು ಬೀಗದ ಕೈ ತೂರಿಸಿ, ರೇಗಿದ ಕೈಯಲ್ಲೇ ತಿರುಚಿದರು. ಸಣ್ಣ ಹಿತ್ತಾಳೆ ಕೈ, ಬಗ್ಗಿ ಸೊಟ್ಟಗಾಯಿತು! ದಫೇದಾರರು ಕಲ್ಲು ಎತ್ತಿಕೊಂಡರು.

ಕಿಟಕಿಯಲ್ಲಿ ಯಜಮಾನರ ಮೂಗು ಕಾಣಿಸಿತು. “ಒಡೀಬೇಡಿ ಸ್ವಾಮಿ! ಪಾಪ, ಒಳ್ಳೇ ಬೀಗ!”

ಸುಂದ್ರಮ್ಮ ನೋಡಿದಳು. ಹೆಸರು ಹೇಳುವುದಕ್ಕಿಂತ ಬೀಗ ತೆಗೆಯುವುದೇ ಸುಲಭ ಅನ್ನಿಸಿತು. ಹೇರ್‌ಪಿನ್ನು ಕಿತ್ತಳು. ಅದನ್ನು ಮುರಿದು ಎರಡು ಮಾಡಿ, ಒಂದರಿಂದ ಒತ್ತಿದಳು, ಒಂದರಿಂದ ಎತ್ತಿದಳು. ಬೀಗ ಸಿಕ್ಕಿಕೊಂಡಿತು. ಹಿಡಿತ ಕೊಂಚ ಸಡಿಲ ಬಿಟ್ಟಳು. ಕಟಕ್!

ಬಾಗಿಲು ತೆರೆಯಿತು. ಒಳಗೆ ಯಜಮಾನರು ಬಾಯಿ ಬಿಟ್ಟು ನಿಂತಿದ್ದರು. ಹೊರಗೆ ದಫೇದಾರರು ಕಲ್ಲು ಹಿಡಿದೇ ನಿಂತಿದ್ದರು.

“ಮಹಾತಾಯೀ! ಹಾಗಾದರೆ ಇವನು ಬರೀ ಶಿಷ್ಯ!” ಅವರು ಹೊಸ ಹಾಳೆ ತಿರುವಿದರು. “ಹೆಸರು?”

“ಸುಂದ್ರಮ್ಮ.”

“ಗಂಡನ ಹೆಸರು?”

ತಿರುಗಿ ಅಲ್ಲಿಗೇ ಬಂತು! ಕೇರಿಯ ಹೆಂಗಸರೆಲ್ಲ ಬಾಗಿಲಿಗೆ ಬಂದಿದ್ದರು. ಯಜಮಾನರು ಅಂಗಲಾಚಿದರು: “ಕೆಲ್ಸ ಓಯ್ತದೆ ಕಣಮ್ಮಿ. ಯೇಳ್ಬುಡು.”

ಆಯಸ್ಸೋ, ಕೆಲಸವೋ? ಸುಂದ್ರಮ್ಮ ಕಣ್ಣು ಮುಚ್ಚಿದಳು. ಹನ್ನೊಂದು ವರ್ಷದ ಮಾತು, ಮೆಲ್ಲಗೆ ಹೊರಡಲು ಬರಲಿಲ್ಲ.

“ಪುಟ್ಟಮಾದಯ್ಯಾ!”

ಹೊಂಗೆ ಮರದ ಕಾಗೆಗಳು ಎದ್ದು ಹಾರಿದವು. ದಫೇದಾರರು ಪುಸ್ತಕ ನೋಡಿದರು, ತಲೆಯಾಡಿಸಿದರು. ಹೆಸರು ಸರಿಯಿತ್ತು. ಕಡ್ಡಿಗಳನ್ನೂ ಮುರಿದ ಪಿನ್ನನ್ನೂ ತಾವೇ ಇಟ್ಟುಕೊಂಡು, ಉಳಿದ ಮುದ್ದೆ ಉಣ್ಣಲು ಕೂತರು.

ಸಂಜೆಯ ಬಸ್ಸಿನಲ್ಲಿ ಪುಟ್ಟಮಾದಯ್ಯನವರು ಖಾಲಿ ಜೇಬನ್ನೇ ತಡಕುತ್ತಿದ್ದರು. ಪಕ್ಕದಲ್ಲಿ ಸುಂದ್ರಮ್ಮ ಬಿಚ್ಚಿದ ಜಡೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ಬೀಗದ ವಿದ್ಯೆ ಯಾವಾಗ ಕಲಿತೆ, ಯಾಕೆ ಮುಚ್ಚಿಟ್ಟೆ ಎಂದು ಕೇಳಿಯೇ ಕೇಳುತ್ತಾರೆ; ಅದಕ್ಕೆ ನಾಲ್ಕು ಬಗೆಯ ಉತ್ತರ ಸಿದ್ಧವಾಗಿತ್ತು. ತೆರಕಣಾಂಬಿ ದಾಟಿದ ಮೇಲೆ ಅವರು ಹತ್ತಿರ ಸರಿದು, ಕಂಡಕ್ಟರನಿಗೆ ಕೇಳಿಸದಂತೆ ಕೇಳಿದರು.

“ಇನ್ನೊಂದ್ಸಲ ಯೇಳಮ್ಮಿ.”

“ಏನ?”

“ಅದೇ. ನನ್ ಹೆಸರ.”

ಸುಂದ್ರಮ್ಮನ ನಾಲ್ಕು ಉತ್ತರದಲ್ಲಿ ಒಂದೂ ಅದಕ್ಕೆ ಹೊಂದಲಿಲ್ಲ.