ಫೋಟೋಕ್ಕಾಗಿ ಕೊಟ್ಟ ತಾಂಬೂಲ

ಎರಡು ದೇಶಗಳ ನಡುವೆ ವ್ಯಾಪಾರದ ಮಾತುಕತೆ ನಡೆಸುವುದು ಏನು ಮಹಾ ಕಷ್ಟ ಎಂದು ನನಗೆ ಆಗ ಅನ್ನಿಸಿತ್ತು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ಪತ್ರಿಕೆ ಬಿಡಿಸಿದರೆ ಸಾಕು, ಇಂಥ ದೇಶದ ನಿಯೋಗ ಬಂತು, ಅಂಥ ದೇಶದ ನಿಯೋಗ ಹೋಯಿತು ಎಂದೇ ಸುದ್ದಿ. ದೆಹಲಿಗೆ ಬಂದಿದ್ದ ಅಂಥದೊಂದು ನಿಯೋಗದ ಇಬ್ಬರು ಊದುಬತ್ತಿ ಕೊಳ್ಳಲು ಮೈಸೂರಿಗೂ ಬರುತ್ತಾರೆಂದು ಕಾಗದ ಬಂತು. ನಮ್ಮ ಊದುಬತ್ತಿ ತಯಾರಕರ ಸಂಘದವರೆಲ್ಲ ನನ್ನ ಮುಖ ನೋಡಿದರು. ಸಂಘದ ಕಾರ್ಯದರ್ಶಿ ನಾನು. ಇಂಗ್ಲಿಷ್ ಬರುತ್ತಿದ್ದವನೂ ನಾನೊಬ್ಬನೇ. ಅದೂ ಬರೆಯಲು ಮಾತ್ರ!

ಕಾಗದದಲ್ಲಿ ಒಂದು ಷರತ್ತಿತ್ತು. ಕೇಳಿದಷ್ಟೂ ಸರಕನ್ನು ಒಂದೇ ತಿಂಗಳಲ್ಲಿ ಕೊಡಬೇಕು. ಅದನ್ನು ಓದಿ ಹೇಳಿದಾಗ, ನಮ್ಮ ಮನೆಯ ಪಾಲಿನ ಬತ್ತಿಯನ್ನೆಲ್ಲ ಹೊಸೆಯುತ್ತಿದ್ದ ನನ್ನ ಹೆಂಡತಿ ಸರಸು ಕೈ ನಿಲ್ಲಿಸಿದಳು.

"ರೀ, ಮೂರು ತಿಂಗಳಿಗೆ ಒಂದು ದಿನ ಕಮ್ಮಿ ಅಂದ್ರೂ ಒಪ್ಕೋಬೇಡಿ. ಬರೋ ತಿಂಗಳು ಕಡಕೊಳದಲ್ಲಿ ನನ್ನ ತಂಗಿ ಮದುವೆ. ಹದಿನೈದು ದಿನ ಮುಂಚೇನೇ ಬರ್ತೀನಿ ಅಂತ ಅಮ್ಮಂಗೆ ಮಾತು ಕೊಟ್ಬುಟ್ಟಿದ್ದೀನಿ."

"ನೀನು ಟ್ರಂಕು ತುಂಬ್ಕೋ. ಆರು ತಿಂಗಳು ಅಂತ ಕೇಳಿ ಮೂರಕ್ಕೆ ಇಳೀತೀನಿ. ಇದಕ್ಕೇ ರಾಜತಂತ್ರ ಅನ್ನೋದು," ಎಂದೆ.

ಸಿದ್ಧತೆ ಆರಂಭವಾಯಿತು. ಮೊದಲು ಹಾರ, ಆಮೇಲೆ ಉಪ್ಪಿಟ್ಟು ಕಾಫಿ, ಆಮೇಲೆ ಮಾತುಕತೆ, ಕೊನೆಯಲ್ಲಿ ತಾಂಬೂಲ ಎಂದು ಕಾರ್ಯಕ್ರಮದ ಪಟ್ಟಿ ಬರೆದೆ. ಅಲ್ಲಿಗೆ ನಿಲ್ಲಿಸಿದ್ದರೆ ಮನುಷ್ಯನಾಗಿ ಉಳಿಯುತ್ತಿದ್ದೆ. ನಾನು ಜಂಟಿ ಪ್ರಕಟಣೆಯನ್ನೂ ಮುಂಗಡವಾಗಿಯೇ ಬರೆದು ಪತ್ರಿಕೆಯವರಿಗೆ ಮುಟ್ಟಿಸಿದೆ: "ಉಭಯ ನಿಯೋಗಗಳೂ ಸುದೀರ್ಘವಾಗಿ, ಮುಕ್ತ ಮನಸ್ಸಿನಿಂದ ಚರ್ಚಿಸಿ ಸಂಪೂರ್ಣ ಸಹಮತಕ್ಕೆ ಬಂದವು."

"ಮಾತೇ ಆಡಿಲ್ಲ, ಆಗ್ಲೇ ಸಹಮತವಾ?" ಎಂದಳು ಸರಸು.

"ದೊಡ್ಡ ದೊಡ್ಡ ದೇಶಗಳೆಲ್ಲ ಹಿಂಗೇ ಮಾಡೋದು ಕಣೇ. ನಿಂಗೆ ತಿಳಿಯಲ್ಲ ಸುಮ್ನಿರು."

ಜಯಲಕ್ಷ್ಮಿಪುರಂನಲ್ಲಿ ನಮ್ಮ ಸಂಘದ ಅಧ್ಯಕ್ಷ ಚಿಕ್ಕಬಸಪ್ಪನವರ ಮನೆಯಲ್ಲಿ ಸಭೆ. ಎಪ್ಪತ್ತು ದಾಟಿದ ಹಿರಿಯರು, ಕೊಟ್ಟ ಮಾತಿಗೆ ಪ್ರಾಣ ಬಿಡುವವರು. ಅತಿಥಿಗಳಿಬ್ಬರೂ ಬಂದು ಹಾರ ಹಾಕಿಸಿಕೊಂಡು ಕೂತರು. ಆಗ ನಾನು ಕರೆಸಿದ್ದ ಫೋಟೋದವನು ಬಂದು ನನ್ನ ಕಿವಿಯಲ್ಲಿ ಉಸುರಿದ: "ಸಾ, ಹತ್ತು ಗಂಟೆಗೆ ಅಶೋಕಪುರಂನಲ್ಲಿ ಮದ್ವೆ ಐತೆ, ನಾನು ಓಡ್ಬೇಕು. ಆ ತಾಂಬೂಲದ್ದು ಈಗ್ಲೇ ತೆಗೆದುಬುಡಣ."

ತೆಗೆಯಲಿ ಬಿಡಿ! ಪತ್ರಿಕೆಯಲ್ಲಿ ನೋಡುವವರಿಗೆ ಯಾವುದು ಮೊದಲು, ಯಾವುದು ಕೊನೆ ಎಂದು ಹೇಗೆ ಗೊತ್ತಾಗಬೇಕು? ಬೆಳ್ಳಿ ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟು ಅಧ್ಯಕ್ಷರ ಕೈಗೆ ಕೊಟ್ಟೆ. ಇದು ಬರೀ ಫೋಟೋಕ್ಕೆ ಎಂದು ಹೇಳುವುದೊಂದನ್ನು ಮರೆತೆ.

ಅಧ್ಯಕ್ಷರು ತಟ್ಟೆಯನ್ನು ಹಿರಿಯ ಅತಿಥಿಗೆ ಕೊಟ್ಟರು. ಆತ ಬಹಳ ಮರ್ಯಾದಸ್ಥ. ಎರಡೂ ಕೈಯಲ್ಲಿ ತೆಗೆದುಕೊಂಡು, ಪ್ರತಿಯಾಗಿ ಏನಾದರೂ ಕೊಡಬೇಕಲ್ಲ ಎಂದು ತಡವರಿಸಿ, ಚೀಲದಿಂದ ತನ್ನ ಷರತ್ತಿನ ಕಾಗದವನ್ನೇ ತೆಗೆದು ಅದೇ ತಟ್ಟೆಯಲ್ಲಿಟ್ಟು ವಾಪಸು ನೀಡಿದ. ಅಧ್ಯಕ್ಷರು ತಟ್ಟೆಯನ್ನು ಕಣ್ಣಿಗೊತ್ತಿಕೊಂಡರು. ಫೋಟೋದವನ ಬಲ್ಬು ಫಳ್ಳೆಂದಿತು.

"ಮುಗೀತು! ತಾಂಬೂಲ ಬದಲಾಯ್ತು!" ಎಂದು ಅಧ್ಯಕ್ಷರು ಘೋಷಿಸಿದರು. "ಉಪ್ಪಿಟ್ಟು ತರ್ರಪ್ಪ!"

ನಮ್ಮ ಕಡೆ ಎರಡು ಮನೆಯವರು ತಾಂಬೂಲ ಬದಲಾಯಿಸಿಕೊಂಡರೆ ಮಾತು ಮುಗಿಯಿತೆಂದೇ ಅರ್ಥ. ಮತ್ತೆ ತುಟಿ ಬಿಚ್ಚುವುದು ಮನೆತನಕ್ಕೇ ಅವಮಾನ.

"ಯಜಮಾನ್ರೇ, ಅದು ಬರೀ ಫೋಟೋಕ್ಕೆ... ಒಂದು ತಿಂಗಳು ಸಾಕಾಗಲ್ಲ..."

"ಫೋಟೋಕ್ಕೆ ಅಂತ ಯಾರಾದ್ರೂ ತಾಳಿ ಕಟ್ತಾರೇನ್ರೀ? ಈ ಕೈಯಲ್ಲಿ ಆರು ಹೆಣ್ಮಕ್ಕಳ ಮದುವೆ ಗೊತ್ತು ಮಾಡಿದ್ದೀನಿ. ತಾಂಬೂಲ ಹಿಡಿದ ಮೇಲೆ ಚೌಕಾಸಿ ಮಾಡೋನಲ್ಲ ನಾನು!"

ಬೆಪ್ಪಾಗಿ ಅತಿಥಿಗಳ ಕಡೆ ನೋಡಿದೆ. ಚೌಕಾಸಿ ಮಾಡಲು ತಯಾರಾಗಿ ಬಂದಿದ್ದ ಅವರು ನನಗಿಂತ ಬೆಪ್ಪಾಗಿದ್ದರು. ಆಮೇಲೆ ಅಧ್ಯಕ್ಷರು ಕಾಗದ ತೋರಿಸಿ ತಲೆಯಾಡಿಸಿದ್ದನ್ನು ಕಂಡು ಸಂತೋಷ ತಡೆಯಲಾರದೆ ಎದ್ದು ಎಲ್ಲರ ಕೈ ಕುಲುಕಿದರು. ಉಪ್ಪಿಟ್ಟು ಬಡಿಸುತ್ತಿದ್ದವನ ಕೈಯನ್ನೂ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ನನ್ನ ಪ್ರಕಟಣೆ ಒಂದಕ್ಷರವೂ ತಪ್ಪಿಲ್ಲದೆ ಅಚ್ಚಾಗಿತ್ತು. ಸರಸು ಅದನ್ನು ಗಟ್ಟಿಯಾಗಿ ಓದಿದಳು.

"ಸುದೀರ್ಘವಾಗಿ ಚರ್ಚೆ ಮಾಡಿದ್ರಂತೆ. ಎಷ್ಟು ತಿಂಗಳಿಗೆ ಒಪ್ಪಿಸಿದ್ರಿ?"

ನಾನು ಒಂದು ಬೆರಳೆತ್ತಿದೆ.

ಅವಳು ಪತ್ರಿಕೆ ಮಡಿಸಿ ಎದ್ದು ಒಳಗೆ ಹೋದಳು. ಅಳುತ್ತಿದ್ದಾಳೆಂದುಕೊಂಡು ನನಗೆ ನಿಜವಾಗಿಯೂ ಸಂಕಟವಾಯಿತು. ಒಬ್ಬಳೇ ತಂಗಿ, ಕೊಟ್ಟ ಮಾತು, ಎಲ್ಲವನ್ನೂ ಒಂದು ಫೋಟೋಕ್ಕೆ ಹಾಳು ಮಾಡಿಬಿಟ್ಟೆನಲ್ಲ! ಅಷ್ಟರಲ್ಲಿ ಅವಳು ಟ್ರಂಕು ಹಿಡಿದು ಹೊರಗೆ ಬಂದಳು. ಹೊಸೆಯುವ ಮಣೆ, ಬಿದಿರುಕಡ್ಡಿಯ ಕಟ್ಟು, ಕಲಸಿದ ಮಸಾಲೆ ಮೂರನ್ನೂ ನನ್ನ ಮುಂದೆ ಇಟ್ಟಳು.

"ಹದಿನೈದು ದಿನ ಯಾಕೆ, ಪೂರ್ತಿ ತಿಂಗಳು ಅಲ್ಲೇ ಇರ್ತೀನಿ. ಒಪ್ಕೊಂಡೋರು ನೀವು, ಹೊಸೆಯೋರೂ ನೀವೇ."

"ಸರಸು, ನಾನು ಸಂಘದ ಕಾರ್ಯದರ್ಶಿ ಕಣೇ!"

"ಆದ್ರೇನಂತೆ? ಕೈ ಎರಡೂ ನೆಟ್ಟಗಿದಾವಲ್ಲ!" ಎಂದು ಬಸ್ಸಿಗೆ ಹೊರಟೇಬಿಟ್ಟಳು.

ಹಗಲೆಲ್ಲ ಹೊಸೆದೆ. ಅಂಗಿ, ಮೀಸೆ, ಕನ್ನಡಕ ಎಲ್ಲಕ್ಕೂ ಮಸಾಲೆ ಹತ್ತಿತು, ಕಡ್ಡಿಗೆ ಮಾತ್ರ ಹತ್ತಲಿಲ್ಲ. ವಾರ ಕಳೆದು ಅಧ್ಯಕ್ಷರು ಬಂದರು, ಒಂದು ಬತ್ತಿಯನ್ನೆತ್ತಿ ತಿರುಗಿಸಿ ನೋಡಿದರು. "ಇದು ಊದುಬತ್ತೀನೋ, ಒಣಗಿದ ಹುಣಸೇಕಾಯೋ? ಪರದೇಶದೋರಿಗೆ ಬೇಡ ಕಣ್ರೀ. ನಿಮ್ಮ ಮನೆ ದೇವರಿಗೇ ಹಚ್ಚಿ, ಪಾಪ, ದೇವರು ವಾಪಸ್ ಕಳಿಸಲ್ಲ," ಎಂದು ಹೇಳಿ ನಮ್ಮ ಪಾಲನ್ನು ಬೇರೆ ಮನೆಗಳ ಹೆಂಗಸರಿಗೆ ಹಂಚಿದರು.

ಅವರು ಹೋದ ಮೇಲೆ ಒಂದನ್ನು ದೇವರ ಮುಂದೆ ಸಿಕ್ಕಿಸಿ ಬೆಂಕಿಕಡ್ಡಿ ಗೀರಿದೆ. ಆರು ಕಡ್ಡಿ ಮುಗಿದರೂ ಹೊತ್ತಲಿಲ್ಲ. ಕೊನೆಗೆ ಗೂಡಿನಲ್ಲೆಲ್ಲ ತಡಕಾಡಿ ಸರಸು ಹೊಸೆದಿಟ್ಟಿದ್ದ ಒಂದು ಬತ್ತಿಯನ್ನು ಹುಡುಕಿ ತಂದು ಹಚ್ಚಿ, ಕೈ ಮುಗಿದು ನಿಂತೆ. ನಾನು ಕೈ ಮುಗಿದದ್ದು ತನಗಲ್ಲ ಎಂದು ದೇವರಿಗೂ ಗೊತ್ತಾಗಿರಬೇಕು!