ಹದಿನೇಳನೇ ವಾಲ್ವಿನ ಚಿತ್ರವನ್ನು ಎತ್ತಂಗಡಿ ಮಾಡಿದವರಿಗೆ

ಮಾನ್ಯರೇ,

ನಮ್ಮ ಪಂಪ್‌ಹೌಸಿನ ಕಂಪ್ಯೂಟರಿನಲ್ಲಿ, ಪುಸ್ತಕ ಟೈಪು ಮಾಡುವ ತಂತ್ರಾಂಶದೊಳಗೆ, ‘ಚಿತ್ರಗಳನ್ನು ತಾನಾಗಿ ಜೋಡಿಸು’ ಎಂಬ ಪುಟ್ಟ ಚೌಕದಲ್ಲಿ ಕುಳಿತು ಸಂಬಳವೂ ರಜೆಯೂ ಇಲ್ಲದೆ ದುಡಿಯುತ್ತಿರುವ ತಮಗೆ, ಮೂವತ್ತೆರಡು ವರ್ಷ ಈ ಊರಿಗೆ ನೀರು ಬಿಟ್ಟು ಕಳೆದ ತಿಂಗಳು ನಿವೃತ್ತನಾದವನ ಸಾವಿರ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ನಮ್ಮ ಕಡೆಯ ಕ್ಷೇಮವನ್ನು ಕೆಳಗೆ ವಿವರಿಸಿದ್ದೇನೆ.

ಮೊದಲು ನನ್ನ ಯೋಗ್ಯತೆ. ಓದಿದ್ದು ಹಳ್ಳಿಯ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ಆದರೆ ಏಳೂ ಕ್ಲಾಸು ಒಂದೇ ಕೋಣೆಯಲ್ಲಿ ನಡೆಯುತ್ತಿದ್ದುದರಿಂದ ಪ್ರತಿ ವರ್ಷ ಏಳೂ ಪಾಠ ನನ್ನ ಕಿವಿಗೆ ಬೀಳುತ್ತಿದ್ದವು. ಆ ಪ್ರಕಾರ ನನ್ನದು ನಲವತ್ತೊಂಬತ್ತು ಕ್ಲಾಸಿನ ವಿದ್ಯೆ. ಊರಿನ ಅರವತ್ತಮೂರು ವಾಲ್ವುಗಳಲ್ಲಿ ಯಾವುದಕ್ಕೆ ಕೆಮ್ಮು, ಯಾವುದಕ್ಕೆ ಸಿಟ್ಟು ಎಂಬುದನ್ನು ಮೇಲಿನ ಮುಚ್ಚಳವನ್ನು ಕಾಲಲ್ಲಿ ತಟ್ಟಿಯೇ ಹೇಳಬಲ್ಲೆ. ಮಿಕ್ಕವೆಲ್ಲ ಎಡಕ್ಕೆ ತಿರುಗಿಸಿದರೆ ತೆರೆಯುತ್ತವೆ. ಹದಿನೇಳನೆಯದು ಮಾತ್ರ ಬಲಕ್ಕೆ ತಿರುಗಿಸಿದರೆ ತೆರೆಯುತ್ತದೆ, ಎಡಕ್ಕೆ ತಿರುಗಿಸಿದರೆ ಬಾಯಿ ಮುಚ್ಚಿಕೊಳ್ಳುತ್ತದೆ. ಅದಕ್ಕೆ ‘ಮೊಂಡ’ ಎಂದು ಹೆಸರಿಟ್ಟವನೂ ನಾನೇ.

ನನ್ನ ಜಾಗಕ್ಕೆ ಬಂದವಳು ನನ್ನ ಅಕ್ಕನ ಮಗಳು, ಅಂದರೆ ನನಗೆ ಸೋದರಸೊಸೆ. ಆರು ತಿಂಗಳು ಅವಳ ಪರೀಕ್ಷಾ ಅವಧಿ. ಹೆಣ್ಣುಮಕ್ಕಳ ಕೈಯಲ್ಲಿ ವಾಲ್ವು ತಿರುಗುತ್ತದೆಯೇ ಎಂದು ಇಂಜಿನಿಯರ್ ಸಾಹೇಬರು ಮೊದಲ ದಿನವೇ ಹುಬ್ಬೇರಿಸಿದ್ದರು. ಐದು ತಿಂಗಳು ಅವಳು ನನ್ನ ಹಿಂದೆಯೇ ತಿರುಗಿ ಕೆಲಸ ಕಲಿತಳು. ಮೊಂಡನನ್ನು ಮಾತ್ರ ನಾನು ಮುಟ್ಟಗೊಡಲಿಲ್ಲ. ಅದು ಬೇರೆ ಕೈಗೆ ಒಗ್ಗುವುದಿಲ್ಲವೆಂದು ಜಂಬ ಕೊಚ್ಚಿ, ಅವಳನ್ನು ಆಚೆ ನಿಲ್ಲಿಸಿ ನಾನೇ ತಿರುಗಿಸುತ್ತಿದ್ದೆ.

ನಾನು ಹೋದಮೇಲೆ ಊರು ಬಾಯಾರಬಾರದಲ್ಲ, ಅದಕ್ಕೆ ಪುಸ್ತಕ ಬರೆದೆ. ವಾಲ್ವಿಗೊಂದು ಪುಟ, ಪುಟಕ್ಕೊಂದು ಫೋಟೊ, ಫೋಟೊದ ಮೇಲೆ ಯಾವ ಕಡೆ ತಿರುಗಿಸಿದರೆ ತೆರೆಯುತ್ತದೆಂದು ತೋರಿಸುವ ಕೆಂಪು ಬಾಣ. ಫೋಟೊದಲ್ಲಿ ವಾಲ್ವುಗಳೆಲ್ಲ ಒಂದೇ ಥರ ಕಾಣುತ್ತವೆ, ದಿಕ್ಕು ಹೇಳುವುದು ಬಾಣವೊಂದೇ. ಕಚೇರಿಯ ಪುಸ್ತಕಕ್ಕೆ ಅಡ್ಡಹೆಸರು ಶೋಭಿಸದೆಂದು ನಂಬರು ಮಾತ್ರ ಹಾಕಿದೆ. ಒಂದು ಭಾನುವಾರ ಅಕ್ಕನ ಮನೆಯ ಊಟದ ಮೇಜಿನ ಮೇಲೆ ನಾವಿಬ್ಬರೂ ಪುಟ ಪುಟವನ್ನೂ ತಾಳೆ ನೋಡಿದೆವು. “ಮಾಮ, ಎಲ್ಲಾ ಸರಿ ಇದೆ, ಇನ್ನು ಇದಕ್ಕೆ ಒಂದು ಚುಕ್ಕೆನೂ ಸೇರಿಸ್ಬೇಡಿ,” ಎಂದು ಹೇಳಿ, ‘ಪರಿಶೀಲಿಸಿದ್ದೇನೆ’ ಎಂಬ ಚೀಟಿಗೆ ಸಹಿ ಹಾಕಿಕೊಟ್ಟಳು.

ಅಲ್ಲಿಂದ ಮುಂದೆ ತಮ್ಮ ಸಾಧನೆ. ಅಚ್ಚಾಗಿ ಬಂದ ಪುಸ್ತಕದಲ್ಲಿ ಬರಹ ಬರೆದಲ್ಲೇ ಇತ್ತು. ಚಿತ್ರಗಳು ಮಾತ್ರ ಒಂದೊಂದು ಪುಟ ಮುಂದಕ್ಕೆ ವರ್ಗವಾಗಿದ್ದವು. ನನ್ನ ಸೇವಾವಧಿಯಲ್ಲಿ ನನ್ನೊಬ್ಬನ ವರ್ಗಾವಣೆಗೇ ಹನ್ನೆರಡು ಅರ್ಜಿ ಹಾಕಿದೆ, ಒಂದಕ್ಕೂ ಉತ್ತರ ಬರಲಿಲ್ಲ. ತಾವು ಒಂದೇ ಗಳಿಗೆಯಲ್ಲಿ, ಯಾರ ಶಿಫಾರಸೂ ಇಲ್ಲದೆ, ಅರವತ್ತಮೂರು ಜನರನ್ನು ಎತ್ತಂಗಡಿ ಮಾಡಿದಿರಿ. ಇಂಥ ಚುರುಕಿನ ಅಧಿಕಾರಿಯನ್ನು ನಾನು ಕಂಡಿಲ್ಲ.

ಅವಳು ಒಬ್ಬಳೇ ಹೊರಟ ಮೊದಲ ಬೆಳಿಗ್ಗೆ, ಹದಿನೇಳರ ಪುಟದಲ್ಲಿ ಬಂದು ಕುಳಿತಿದ್ದ ಹದಿನಾರರ ಬಾಣವನ್ನು ನಂಬಿ, ಅರ್ಧ ತೆರೆದಿದ್ದ ಮೊಂಡನನ್ನು ಪೂರಾ ತೆರೆಯಲೆಂದು ಎಡಕ್ಕೆ ತಿರುಗಿಸಿದಳು. ಮೇಲಿನ ಬೀದಿಯ ನೀರು ನಿಂತಿತು. ಈಜುಕೊಳದ ಕಡೆಗಿನ ಹದಿನೆಂಟನೆಯದು ಸಡಿಲವಾಗಿ ನೀರು ಅತ್ತ ಹೋಗುತ್ತಿದ್ದೀತೆಂದು, ಅದರ ಪುಟಕ್ಕೆ ಬಂದಿದ್ದ ಮೊಂಡನ ಬಾಣ ನೋಡಿ, ಮುಚ್ಚುವುದಕ್ಕೆಂದು ಎಡಕ್ಕೆ ಬಿಗಿದಳು. ಅದು ಪೂರಾ ತೆರೆದುಕೊಂಡು, ಹನ್ನೊಂದು ವರ್ಷದಿಂದ ಒಣಗಿ ಬಿದ್ದಿದ್ದ ಈಜುಕೊಳ ಮಧ್ಯಾಹ್ನದೊಳಗೆ ತುಂಬಿತು. ಮೂರು ಸಮಿತಿಗಳ ಕೈಲಿ ಆಗದ ಕೆಲಸ ತಾವು ಮಾಡಿದಿರೆಂದು ಊರವರು ಸಂತೋಷಪಟ್ಟರು. ಸಾಹೇಬರು ಪಡಲಿಲ್ಲ. ಅವರ ಮನೆ ಮೇಲಿನ ಬೀದಿಯಲ್ಲಿದೆ, ಅವರ ತಲೆಯಲ್ಲಿ ಆಗ ಸೋಪಿನ ನೊರೆ ಇತ್ತು. ಏಳು ದಿನದೊಳಗೆ ಲಿಖಿತ ಉತ್ತರ ಕೊಡದಿದ್ದರೆ ಕೆಲಸದಿಂದ ಬಿಡುಗಡೆ ಎಂದು ನನ್ನ ಸೊಸೆಗೆ ನೋಟೀಸು ಬಂತು. ಪುಸ್ತಕವೇ ತಪ್ಪು ಎಂದು ಅವಳು ಬರೆಯುವಂತಿಲ್ಲ. ಪರಿಶೀಲಿಸಿದವಳ ಸಹಿ ಅವಳದೇ.

ಈಗ ಒಂದು ಸಣ್ಣ ಸಂಗತಿ. ತಮ್ಮ ಗಮನಕ್ಕೆ ಬಂದೇ ಇದೆ, ಆದರೂ ದಾಖಲೆಗಿರಲಿ ಎಂದು ಬರೆಯುತ್ತೇನೆ. ಆ ಭಾನುವಾರದ ಮರುದಿನ, ಸೊಸೆಗೆ ಹೇಳದೆ, ನಾನು ಪುಸ್ತಕದ ಮೊದಲ ಪುಟಕ್ಕೆ ಇನ್ನೊಂದು ಫೋಟೊ ಸೇರಿಸಿದೆ. ಅದು ನನ್ನದು. ಕೈಯಲ್ಲಿ ದೊಡ್ಡ ಪಾನಾ, ಮೈಮೇಲೆ ಇಸ್ತ್ರಿ ಮಾಡಿದ ಅಂಗಿ, ಮುಖದಲ್ಲಿ ತಕ್ಕಮಟ್ಟಿನ ಗಾಂಭೀರ್ಯ. ಪುಟದಲ್ಲಿ ಜಾಗ ಸಾಲದಿದ್ದಾಗ ಮೂಲೆ ಹಿಡಿದು ಇನ್ನಷ್ಟು ದೊಡ್ಡದು ಮಾಡಿದೆ. ತಾವು ನನ್ನ ಘನತೆಗೆ ತಕ್ಕಂತೆ, ಬಸ್ಸಿನ ಕಂಡಕ್ಟರು ದೊಡ್ಡವರು ಹತ್ತಿದಾಗ ಎಲ್ಲರನ್ನೂ ಎಬ್ಬಿಸುವ ಹಾಗೆ, ಚಿತ್ರಗಳನ್ನೆಲ್ಲ ಒಂದೊಂದು ಸೀಟು ಸರಿಸಿದಿರಿ. ಅದು ಸರಿಯೇ. ಆದರೆ ಅಷ್ಟು ಮಾಡಿಯೂ ನನ್ನನ್ನು ಅಲ್ಲಿ ಕೂರಿಸಲಿಲ್ಲ. ಅಚ್ಚಾದ ಪುಸ್ತಕದ ಮೊದಲ ಪುಟ ಬೋಳಾಗಿದೆ. ನಾನು ಎಲ್ಲಿದ್ದೇನೋ ನನಗೇ ತಿಳಿಯದು.

ಆದ್ದರಿಂದ ತಮ್ಮಲ್ಲಿ ವಿನಂತಿ: ತಾವು ಚೌಕದಿಂದ ಒಂದರ್ಧ ದಿನ ಕೆಳಗಿಳಿದು, ಸಾಹೇಬರ ಕಚೇರಿಗೆ ಖುದ್ದಾಗಿ ಬಂದು, ತಪ್ಪು ಆ ಹುಡುಗಿಯದಲ್ಲ ಎಂದು ಸಹಿ ಮಾಡಿಕೊಡಬೇಕು. ಬರಲಾಗದಿದ್ದರೆ ಬೆರಳಚ್ಚಾದರೂ ಕಳಿಸಿ. ಬೆರಳೂ ಇಲ್ಲವೆಂದು ಸೊಸೆ ಹೇಳುತ್ತಾಳೆ. ಹಾಗಿದ್ದಲ್ಲಿ ಬೆರಳಿರುವವನು ನಾನೊಬ್ಬನೇ ಉಳಿಯುತ್ತೇನೆ. ನಾಳೆಗೆ ಏಳನೇ ದಿನ. ಪರಿಶೀಲನೆ ಮುಗಿದ ಪುಸ್ತಕಕ್ಕೆ ಕೈ ಹಾಕಿದವನು ನಾನು, ಮೊಂಡನ ಗುಟ್ಟನ್ನು ಐದು ತಿಂಗಳು ಬಚ್ಚಿಟ್ಟವನೂ ನಾನೇ ಎಂದು ಈ ಮೂಲಕ ಒಪ್ಪಿಕೊಂಡು, ಈ ಪತ್ರವನ್ನು ಪಂಪ್‌ಹೌಸಿನ ನೋಟೀಸು ಬೋರ್ಡಿಗೆ ಅಂಟಿಸಿ, ಒಂದು ಪ್ರತಿಯನ್ನು ಸಾಹೇಬರಿಗೆ ಕೊಡುತ್ತಿದ್ದೇನೆ. ಗೋಂದು ಹಚ್ಚಿಯೇ ಅಂಟಿಸುತ್ತೇನೆ, ಅಂಟಿಸಿದಲ್ಲೇ ಇರುತ್ತದೆ.

ಇಷ್ಟಾದರೂ ತಮ್ಮ ವಿಶ್ವಾಸಿಯೇ ಆಗಿರುವ,
ಮೂವತ್ತೆರಡು ವರ್ಷ ನೀರು ಬಿಟ್ಟವನು

ತಾ.ಕ.: ಅಂಟಿಸುವ ಮುನ್ನ ಈ ಪತ್ರವನ್ನು ಓದಲು ಕೊಟ್ಟಾಗ ಸೊಸೆ ಪುಸ್ತಕ ತೆರೆದು ಕೊನೆಯ ಅಧ್ಯಾಯ ತೋರಿಸಿದಳು. ಹಳೆಯ, ತೆಗೆದುಹಾಕಬೇಕಾದ ಸಾಮಾನುಗಳ ಪಟ್ಟಿಯ ಎದುರು, ಚಿತ್ರಕ್ಕೆಂದು ಖಾಲಿ ಬಿಟ್ಟಿದ್ದ ಜಾಗದ ತುಂಬ ನಾನಿದ್ದೆ. ಕೆಳಗೆ, ಒಂದು ಹಳೆಯ ಪೈಪಿನ ಬಗ್ಗೆ ನಾನೇ ಬರೆದಿದ್ದ ಸಾಲು: ‘ತುಕ್ಕು ಹಿಡಿದಿದೆ. ಉಪಯೋಗವಿಲ್ಲ. ಆದರೆ ಕಿತ್ತರೆ ಸೋರುತ್ತದೆ, ಇದ್ದಲ್ಲೇ ಬಿಡುವುದು.’ ಮಿಕ್ಕ ಚಿತ್ರಗಳನ್ನೆಲ್ಲ ಅವಳು ಸರಿಪಡಿಸಿದ್ದಾಳೆ. ಇದೊಂದನ್ನು ಮುಟ್ಟಲಿಲ್ಲ. “ಇದು ಸರಿಯಾದ ಜಾಗದಲ್ಲೇ ಇದೆಯಲ್ಲ, ಮಾಮ,” ಎಂದು ಹೇಳಿ, ಪರಿಶೀಲಿಸಿದ್ದೇನೆ ಎಂದು ಪಕ್ಕದಲ್ಲಿ ಹೊಸದಾಗಿ ಸಹಿ ಹಾಕಿದ್ದಾಳೆ.