ಹೊಸ ಮಾಡೆಲ್ ಬತ್ತ್ ಅಂಬ್ರ್

ಮದುವೆಗೆ ಮೊದಲು ನಮ್ಮವರ ಫೋಟೊವನ್ನು ನಾನು ನೋಡಿದ್ದು ಒಂದೇ ಸಲ. ಅದೂ ಅಪ್ಪ ಎದುರಿಗಿದ್ದರೆಂದು ಅರೆಗಣ್ಣಿನಲ್ಲಿ. ಆದರೆ ಇನ್ನೂ ಕಾರ್ಖಾನೆಯಿಂದ ಹೊರಗೇ ಬಾರದ ಒಂದು ಕಾರಿನ ಫೋಟೊವನ್ನು ಈಚೆಗೆ ಎಷ್ಟು ಸಲ ನೋಡಿದ್ದೇನೋ ದೇವರೇ ಬಲ್ಲ. ಫೋಟೊ ಎನ್ನುವುದೂ ಸುಳ್ಳೇ. ಯಾರೋ ಪುಣ್ಯಾತ್ಮರು ಕಂಪ್ಯೂಟರಿನಲ್ಲಿ ತಮಗೆ ತೋಚಿದಂತೆ ಬಿಡಿಸಿದ ಚಿತ್ರ ಅದು. ನಮ್ಮ ಕಡೆ ಟ್ಯಾಕ್ಸಿಯವರಿಗೂ ಅದೇ, ಮದುಮಗನಿಗೂ ಅದೇ ಎನ್ನುವಂತಿರುವ ಆ ಸಣ್ಣ ಸೆಡಾನ್ ಕಾರು ಸದ್ಯದಲ್ಲೇ ಹೊಸ ರೂಪದಲ್ಲಿ ಬರುತ್ತದೆಯಂತೆ. ಮೊಬೈಲಿನಲ್ಲಿ ಒಬ್ಬ ಮುಂದಿನ ದೀಪ ಸಪೂರವಾಗುತ್ತದೆ ಎಂದರೆ ಇನ್ನೊಬ್ಬ ಅಗಲವಾಗುತ್ತದೆ ಎನ್ನುತ್ತಾನೆ. ನಾನು ಇಬ್ಬರನ್ನೂ ನಂಬುತ್ತೇನೆ. ‘ಹೀಗಂತೆ’ ಎನ್ನುವುದಕ್ಕೆ ನಮ್ಮ ಕುಂದಾಪ್ರ ಕನ್ನಡದಲ್ಲಿ ‘ಅಂಬ್ರ್’ ಎಂಬ ಮಾತಿದೆ. ಯಾರು ಅಂದರು, ಯಾವಾಗ ಅಂದರು ಎಂಬ ತಾಪತ್ರಯವೇ ಇಲ್ಲ. ಅಂಬ್ರ್ ಎಂದರೆ ಮುಗಿಯಿತು.

ನಾನು ಬ್ರಹ್ಮಾವರದ ಹೈಸ್ಕೂಲಿನಲ್ಲಿ ಹಿಂದಿ ಟೀಚರು. ಕುಂದಾಪುರದಿಂದ ಪ್ರತಿದಿನ ಹೋಗಿಬರುವುದು ಅದೇ ಸೆಡಾನಿನ ಹಳೆಯ ಮಾಡೆಲಿನಲ್ಲಿ. ಅದರ ಎಸಿ ತಣ್ಣಗಿನ ಗಾಳಿ ಬಿಡುವುದನ್ನು ಮರೆತು ಬಹಳ ಕಾಲವಾಯಿತು. ಎದುರಿನ ಎಡಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ. ನಾನು ಸುತ್ತಿ ಬಂದು ಬಾಗಿಲು ತೆಗೆದು ಅತ್ತೆಯನ್ನು ಇಳಿಸುವುದನ್ನು ಕಂಡು ಊರಿನವರು ಎಂಥ ಮರ್ಯಾದೆಯ ಸೊಸೆ ಎಂದುಕೊಂಡಿದ್ದಾರೆ. ಅತ್ತೆಗೆ ಕಾಲುಗಂಟಿನ ನೋವು. ಕಾರಿನ ತಗ್ಗಾದ ಸೀಟಿನಲ್ಲಿ ಕೂರುವಾಗಲೆಲ್ಲ ‘ಬಾಮಿಗ್ ಇಳ್ದಂಗ್ ಆತ್ತ್’, ಬಾವಿಗೆ ಇಳಿದ ಹಾಗಾಗುತ್ತದೆ, ಎನ್ನುತ್ತಾರೆ. ನಮ್ಮವರದು ಗಂಗೊಳ್ಳಿಯಲ್ಲಿ ಮೀನಿನ ವ್ಯಾಪಾರ. ಅವರ ಪ್ರಕಾರ ಮೀನನ್ನು ಹಾಳಾಗದಂತೆ ಊರಿಗೆ ತಲುಪಿಸಿದರೆ ಅದು ಒಳ್ಳೆಯ ಗಾಡಿ. ಹೊಸ ಮಾಡೆಲ್ ಬರಲಿ, ಹೊಸ ಮಾಡೆಲ್ ಬರಲಿ ಎಂದು ನಾನು ಕಾಲ ತಳ್ಳಿದ್ದನ್ನು ಕಂಡು ಅವರಿಗೂ ಸಾಕಾಯಿತು. ಬರುವ ಶನಿವಾರ ಶೋರೂಮಿಗೆ ಹೋಗಿ ಈಗಿರುವುದನ್ನೇ ಬುಕ್ ಮಾಡುವುದು, ಇನ್ನು ಮಾತಿಲ್ಲ ಎಂದರು. ನಾನು ಒಪ್ಪಿದೆ. ಮನಸ್ಸಿಲ್ಲದೆ ಒಪ್ಪಿದೆ ಎನ್ನುವುದು ಬೇರೆ.

ಅದರ ಹಿಂದಿನ ಭಾನುವಾರ ಬಿಜೂರಿನ ನಾದಿನಿಯ ಮನೆಯಲ್ಲಿ ನಮಗೆ ಊಟ. ನಮ್ಮವರಿಗೆ ಬಿಡುವಿರಲಿಲ್ಲ. ನಾನು, ಅತ್ತೆ, ಅತ್ತೆಯ ಮಡಿಲಲ್ಲಿ ಅಲ್ಲಿಗೆ ಹೋಗಿ ಕಾಯಿಸುವುದಕ್ಕೆಂದು ಮಸಾಲೆ ಹಚ್ಚಿದ ಅಂಜಲ್ ಮೀನಿನ ಡಬ್ಬಿ, ಇಷ್ಟೇ ಹೊರಟೆವು. ಹೆಮ್ಮಾಡಿ ದಾಟುತ್ತಿದ್ದಂತೆ ನಮ್ಮನ್ನು ಹಿಂದೆ ಹಾಕಿ ಒಂದು ಕಾರು ಮುಂದೆ ಹೋಯಿತು. ಮೈತುಂಬ ಕಪ್ಪು ಬಿಳುಪಿನ ಸುರುಳಿ ಸುರುಳಿ ಸ್ಟಿಕ್ಕರ್. ಅತ್ತೆಯೂ ನೋಡಿದರು.

“ಅದೆಂತ ಹೆಣೆ, ಕಾರಿಗ್ ಸರ್ಪಸುತ್ತ್ ಆದಂಗ್ ಇತ್ತಲೆ” ಎಂದರು.

ಹೊಸ ಮಾಡೆಲನ್ನು ಹೊರಗೆ ಬಿಡುವ ಮೊದಲು ಹೀಗೆ ಮೈ ಮುಚ್ಚಿ ರಸ್ತೆಯಲ್ಲಿ ಓಡಿಸಿ ನೋಡುತ್ತಾರೆ, ಇದು ಖಂಡಿತ ಅದೇ ಕಾರು ಎಂದು ನಾನು ಉಸಿರು ಬಿಡದೆ ಹೇಳಿದೆ. ಅತ್ತೆ, ಅದರ ಸೀಟು ಎತ್ತರ ಇದೆಯೋ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಅವರು ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, “ಹಾಂಗಾರೆ ಬಿಡ್ಬೇಡ. ಹಿಂದೇ ಹೋಪ” ಎಂದರು.

ಆಮೇಲೆ ನನಗೇನಾಯಿತೋ ತಿಳಿಯದು. ಮರವಂತೆಯಲ್ಲಿ ಎಡಗಡೆ ಸಮುದ್ರ, ಬಲಗಡೆ ನದಿ. ದೂರದೂರದವರು ಗಾಡಿ ನಿಲ್ಲಿಸಿ ಎರಡನ್ನೂ ನೋಡುತ್ತಿದ್ದರು. ನಾವು ಎರಡನ್ನೂ ನೋಡದೆ ನಡುವಿನ ಆ ಸರ್ಪಸುತ್ತಿನ ಬೆನ್ನನ್ನೇ ನೋಡುತ್ತ ಹೋದೆವು. ಅದರ ಡಿಕ್ಕಿ ನಮ್ಮದಕ್ಕಿಂತ ದೊಡ್ಡದು ಎಂದು ನಾನು, ಚಿಕ್ಕದು ಎಂದು ಅತ್ತೆ. ಬಿಜೂರಿನ ತಿರುವು ಬಂತು, ಹೋಯಿತು. ಇಬ್ಬರೂ ಅದರ ಸುದ್ದಿ ಎತ್ತಲಿಲ್ಲ. ಬೈಂದೂರಿನಲ್ಲಿ ನಾದಿನಿಯ ಫೋನು ಬಂದಾಗ ಅತ್ತೆ, ಬಂದೇ ಬಿಟ್ಟೆವು, ರೊಟ್ಟಿ ಬಡಿಸು ಎಂದು ಹೇಳಿ ಫೋನಿಟ್ಟರು. ಒತ್ತಿನೆಣೆಯ ಏರು ಹತ್ತುವಾಗ ನಮ್ಮ ಕಾರು ಏದುಸಿರು ಬಿಟ್ಟಿತು. ಅತ್ತೆ ಡ್ಯಾಶ್‌ಬೋರ್ಡನ್ನು ಎಮ್ಮೆಯ ಬೆನ್ನು ತಟ್ಟಿದ ಹಾಗೆ ತಟ್ಟಿ ಹತ್ತಿಸಿದರು. ಇಬ್ಬರಿಗೂ ನಗು ತಡೆಯಲಾಗುತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ನಾವು ಹಾಗೆ ಒಟ್ಟಿಗೆ ನಕ್ಕ ನೆನಪಿಲ್ಲ.

ಶಿರೂರಿನ ಟೋಲ್‌ಗೇಟಿಗಿಂತ ಮೊದಲು ಆ ಕಾರು ಒಂದು ಚಹಾದಂಗಡಿಯ ಎದುರು ನಿಂತಿತು. ಅದರಿಂದ ಇಳಿದ ಇಬ್ಬರು ಯುವಕರು ಹಿಂದಿಯಲ್ಲಿ ಚಹಾ ಕೇಳಿದರು. ಹಿಂದಿ ನನ್ನ ವಿಷಯವೇ ಅಲ್ಲವೇ? ಹತ್ತಿರ ಹೋಗಿ, ‘ಮಹೋದಯ, ಕ್ಯಾ ಯಹ್ ವಾಹನ್’ ಎಂದು ಶುರು ಮಾಡಿದೆ. ಪಾಠಪುಸ್ತಕವೇ ಎದ್ದು ಬಂದು ಮಾತಾಡಿದಂತಾಗಿ ಅವರಿಬ್ಬರೂ ಎದ್ದು ನಿಂತರು. ಅಷ್ಟರಲ್ಲಿ ಅತ್ತೆ ಕಿಟಕಿಯಿಂದ ಕೈ ಹೊರಗೆ ಹಾಕಿ ತಾವೇ ಬಾಗಿಲು ತೆಗೆದು ಇಳಿದು ಬಂದಿದ್ದರು. ಮಾವನವರು ಮುಂಬೈಯಲ್ಲಿ ಹೋಟೆಲಿನ ಕೆಲಸದಲ್ಲಿದ್ದಾಗ ಅತ್ತೆಯೂ ಅಲ್ಲೇ ಇದ್ದವರು. ಅವರ ಹಿಂದಿಗೆ ಲಿಂಗವೂ ಇಲ್ಲ, ವಚನವೂ ಇಲ್ಲ.

“ಏ ಬೇಟಾ, ಅಂದರ್ ಕಾ ಸೀಟ್ ಊಂಚಾ ಹೈ ಕ್ಯಾ?” ಎಂದರು.

ಅವರಲ್ಲಿ ಒಬ್ಬ ನಕ್ಕು ಕೈಮುಗಿದ. ಓಡಿಸು ಎಂದಿದ್ದಾರೆ, ಓಡಿಸುತ್ತೇವೆ, ಬೇರೇನನ್ನೂ ಹೇಳುವಂತಿಲ್ಲ ಮಾಜೀ ಎಂದ. ಯಾವಾಗ ಬರುತ್ತದೆ ಎಂದು ಕೇಳಿದ್ದಕ್ಕೆ ಚಹಾ ಕುಡಿದ. ಫೋಟೊ ತೆಗೆಯಬೇಡಿ ಎಂದು ನನಗೆ ವಿನಯದಿಂದಲೇ ಹೇಳಿದ. ಅತ್ತೆ ಗಾಜಿಗೆ ಮುಖ ಒತ್ತಿ ನೋಡಿದರು. ಒಳಗೆಲ್ಲ ಕಪ್ಪು ಬಟ್ಟೆ ಹೊದಿಸಿತ್ತು. ಅವರು ಟೋಲ್ ದಾಟಿ ಹೋದರು, ನಾವು ತಿರುಗಿಸಿಕೊಂಡು ಬಂದೆವು. ನಡೆದದ್ದು ಇಷ್ಟೇ. ಇದನ್ನು ದಯವಿಟ್ಟು ನೆನಪಿಡಬೇಕು.

ಬಿಜೂರಿಗೆ ಮುಟ್ಟಿದಾಗ ಕೋಳಿಸಾರು ಆರಿತ್ತು, ನಾದಿನಿಯ ಮುಖ ಬಿಸಿಯಾಗಿತ್ತು. ಅವಳು ಬಾಯಿ ತೆಗೆಯುವ ಮೊದಲೇ ಅತ್ತೆ, ತಾವು ಹೊಸ ಕಾರು ನೋಡಿ ಬಂದದ್ದಾಗಿ ಹೇಳಿದರು. ಗುಂಡಿ ಒತ್ತಿದರೆ ಸೀಟು ತಾನಾಗಿ ಮೇಲೇಳುತ್ತದೆ, ಕಾಲುಗಂಟು ನೋಯುವವರಿಗೆಂದೇ ಮಾಡಿದ್ದು ಎಂದರು. ನೆರೆಮನೆಯವರೂ ಬಂದು ಕುಳಿತರು. ಡಿಕ್ಕಿಯಲ್ಲಿ ಮೀನಿಟ್ಟರೆ ವಾಸನೆ ಒಳಗೆ ಬರುವುದಿಲ್ಲ ಎಂದೂ ಅತ್ತೆ ಸೇರಿಸಿದರು. ಎಲ್ಲರೂ ನನ್ನ ಮುಖ ನೋಡಿದರು. ಹಿರಿಯರು ಮಾತಾಡುವಾಗ ಅಲ್ಲ ಎನ್ನುವುದು ಹೇಗೆ? ನಾನು ಗಂಭೀರವಾಗಿ, ಹಿಂದೆ ಕೂತವರಿಗೆ ಪ್ರತ್ಯೇಕ ಎಸಿ ಕಿಂಡಿಯೂ ಇದೆ ಎಂದೆ. ನಾದಿನಿ ಸಾರನ್ನು ಮತ್ತೆ ಬಿಸಿಮಾಡಿದಳು.

ಆ ವಾರದಲ್ಲೇ ಬ್ರಹ್ಮಾವರದ ನಮ್ಮ ಸ್ಟಾಫ್ ರೂಮಿನಲ್ಲಿ ಪಿಟಿ ಮೇಷ್ಟ್ರು ನನ್ನನ್ನು ಬದಿಗೆ ಕರೆದರು. ಯಾರಿಗೂ ಹೇಳಬೇಡಿ ಎಂದು, ಹೊಸ ಮಾಡೆಲಿನ ಸೀಟು ಮೇಲೇಳುವ ಸುದ್ದಿ ತಿಳಿಸಿದರು. ಅವರ ಬಾಯಿಗೆ ಬರುವಷ್ಟರಲ್ಲಿ ಡಿಕ್ಕಿಯೊಳಗೆ ಐಸ್ ಪೆಟ್ಟಿಗೆಯೂ ಸೇರಿತ್ತು.

ಶನಿವಾರ ನಮ್ಮವರ ಜೊತೆ ಶೋರೂಮಿಗೆ ಹೋದೆ. ನಮಗಿಂತ ಮೊದಲು ಸಿದ್ದಾಪುರದ ಹಿರಿಯರೊಬ್ಬರು ಮ್ಯಾನೇಜರ ಎದುರು ಕುಳಿತು ತಮ್ಮ ಬುಕಿಂಗ್ ರದ್ದು ಮಾಡಿಸುತ್ತಿದ್ದರು. ಮೇಲೇಳುವ ಸೀಟು, ಐಸ್ ಪೆಟ್ಟಿಗೆ ಎಂದೆಲ್ಲ ಕಂಪನಿ ಏನನ್ನೂ ಹೇಳಿಲ್ಲ ಎಂದು ಮ್ಯಾನೇಜರು ಅಳುವಂತಾಗಿದ್ದರು. ಹಿರಿಯರು ಜಗ್ಗಲಿಲ್ಲ. “ಕಂಪ್ನಿಯವ್ರಿಗ್ ಎಂತ ಗೊತ್ತಿತ್ತ್? ಬಿಜೂರಂಗೆ ಸೀಟ್ ಮೇಲ್ ಕೂಕಂಡ್ ಕಂಡವ್ರೇ ಹೇಳಿರ್ ಅಂಬ್ರ್” ಎಂದರು.

ನಮ್ಮವರು ಸಹಿ ಹಾಕುವುದಕ್ಕೆ ಪೆನ್ನು ತೆಗೆದಿದ್ದರು. ನಾನು ಅವರ ಕೈಹಿಡಿದು, ಇನ್ನು ಸ್ವಲ್ಪ ಕಾಯೋಣ ಎಂದೆ. ಅವರು ನನ್ನನ್ನು ನೋಡಿದ ರೀತಿಯನ್ನು ಬರೆಯದಿರುವುದೇ ಲೇಸು.

ಮನೆಗೆ ಬಂದವಳೇ, ಸೀಟು ಏಳುತ್ತದೆ ಎಂದು ಕಾರು ಓಡಿಸುತ್ತಿದ್ದ ಆ ಹುಡುಗ ನಿಜಕ್ಕೂ ಹೇಳಿದನೇ ಎಂದು ಅತ್ತೆಯನ್ನು ಕೇಳಿದೆ. ಅವರು ಮೀನು ಹೆಚ್ಚುವುದನ್ನು ನಿಲ್ಲಿಸಲೂ ಇಲ್ಲ.

“ಇಲ್ಲೆ ಅಂದ್ನಾ?”

ಇರಲಿ, ಸೀಟಿನ ವಿಷಯ ಅತ್ತೆಯ ಬಾಯಿಂದ ಬಂದದ್ದು, ಅದರಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಆದರೆ ಹಿಂದಿನ ಎಸಿ ಕಿಂಡಿ ನಾನೇ ಹೇಳಿದ್ದಲ್ಲವೇ? ಅದಂತೂ ಬಂದೇ ಬರುತ್ತದೆ.